ಪಲ್ಪರ್ ಮನೆಯಲ್ಲಿ ಕೈ ಜೋಪಾನ

ದೇವರಮನೆ, ಮೂಡಿಗೆರೆ, ಕಳಸದ ಸುತ್ತಿನ ತೋಟಗಳಲ್ಲಿ ಅರೇಬಿಕಾ ಕೊಯ್ಲು ಆರಂಭವಾಯಿತೆಂದರೆ ಪಲ್ಪರ್ ಯಂತ್ರಕ್ಕೆ ಬಿಡುವಿರುವುದಿಲ್ಲ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡದಿದ್ದರೆ ಹುಳಿತು ಗುಣಮಟ್ಟ ಕೆಡುತ್ತದೆ. ಆದ್ದರಿಂದ ಈ ಕೆಲಸ ಸಂಜೆಯ ಮೇಲೆ, ಮಂದ ಬೆಳಕಿನಲ್ಲಿ, ಒದ್ದೆ ನೆಲದ ಮೇಲೆ, ದಿನವಿಡೀ ದುಡಿದು ದಣಿದವರಿಂದ ನಡೆಯುತ್ತದೆ. ತಿರುಗುವ ಯಂತ್ರಗಳಿಗೆ ಭದ್ರವಾದ ಹೊದಿಕೆ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯಲ್ಲೇ ವಿಧಿಸಲಾಗಿತ್ತು. ತೋಟದ ಪಲ್ಪರ್ ಮನೆಯಲ್ಲಿ ತಿರುಗುವುದೂ ಅಂಥ ಯಂತ್ರವೇ ಎಂಬುದನ್ನು ಬೆಳೆಗಾರರು ಮರೆಯಬಾರದು.

ಕೈ ಹಿಂದೆಗೆಯಲು ಸಮಯವಿಲ್ಲ

ಸಾಮಾನ್ಯ ವಿದ್ಯುತ್ ಮೋಟಾರು ನಿಮಿಷಕ್ಕೆ ಸುಮಾರು 1,440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಈ ವೇಗದಲ್ಲಿ ತಿರುಗುವ ಒಂದು ಅಂಗುಲ ದಪ್ಪದ ಶಾಫ್ಟಿಗೆ ಸೆರಗಿನ ತುದಿ ಸಿಕ್ಕಿದರೆ ಒಂದೇ ಸೆಕೆಂಡಿನಲ್ಲಿ ಸುಮಾರು 2 ಗಜ ಬಟ್ಟೆ ಸುತ್ತಿಕೊಳ್ಳುತ್ತದೆ. ಅಪಾಯ ಕಂಡು ಕೈ ಎಳೆದುಕೊಳ್ಳಲು ಅರ್ಧ ಸೆಕೆಂಡು ಹಿಡಿದರೂ ಅಷ್ಟರಲ್ಲಿ ಶಾಫ್ಟು 12 ಸುತ್ತು ತಿರುಗಿರುತ್ತದೆ. ಆದಕಾರಣ "ನಾನು ಹುಷಾರಾಗಿರುತ್ತೇನೆ" ಎಂಬ ಧೈರ್ಯ ಸಾಲದು. ನುಣುಪಾದ ಶಾಫ್ಟು ಏನೂ ಮಾಡದು ಎಂಬುದೂ ತಪ್ಪು ತಿಳಿವಳಿಕೆ. ಒದ್ದೆ ಬಟ್ಟೆ, ಬಿಚ್ಚಿದ ಕೂದಲು ಅದಕ್ಕೂ ಸುತ್ತಿಕೊಳ್ಳುತ್ತವೆ.

ಒಕ್ಕಣೆ ಯಂತ್ರದಿಂದ ಕಲಿತ ಪಾಠ

ಉತ್ತರ ಭಾರತದಲ್ಲಿ ಗೋಧಿ ಒಕ್ಕುವ ಯಂತ್ರಗಳು ಹೆಚ್ಚಿದಂತೆ ಪೈರು ಉಣಿಸುವಾಗ ಕೈ ಕಳೆದುಕೊಂಡವರೂ ಹೆಚ್ಚಿದರು. ಇದನ್ನು ತಡೆಯಲು 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ಕಂಡುಕೊಂಡ ಪರಿಹಾರ ಸರಳವಾದದ್ದು: ಪೈರು ಉಣಿಸುವ ದೋಣಿಯನ್ನು ಉದ್ದ ಮಾಡಿ, ಅದರ ಒಳಭಾಗವನ್ನು ಮೇಲಿನಿಂದ ಮುಚ್ಚುವುದು. ಆಗ ಕೈ ಚಾಚಿದರೂ ಹಲ್ಲುಗಳನ್ನು ಮುಟ್ಟುವುದಿಲ್ಲ. ಇದೇ ತತ್ವವನ್ನು ಪಲ್ಪರಿಗೂ ಅನ್ವಯಿಸಬಹುದು.

ಯಂತ್ರಕ್ಕೆ ಮಾಡಬೇಕಾದ ಏರ್ಪಾಡು

1. ಬೆಲ್ಟು ಪುಲ್ಲಿಯೊಳಗೆ ಹೋಗುವ ಕಡೆಯೇ ಬೆರಳನ್ನು ಸೆಳೆದುಕೊಳ್ಳುತ್ತದೆ. ಬೆಲ್ಟು, ಪುಲ್ಲಿಗಳೆರಡನ್ನೂ ಬೆರಳು ತೂರದ ಸಣ್ಣ ಕಣ್ಣಿನ ಜಾಲರಿಯಿಂದ ಪೂರ್ತಿ ಮುಚ್ಚಬೇಕು.

2. ಹಣ್ಣು ಸುರಿಯುವ ಬಾಯಿಯಲ್ಲಿ, ಡ್ರಮ್ಮಿನಿಂದ ಒಂದು ಗೇಣು ಮೇಲೆ, ಹಣ್ಣು ಇಳಿದು ಕೈ ಇಳಿಯದಂತೆ ಸರಳುಗಳನ್ನು ಕೂಡಿಸಬೇಕು. ಕಡ್ಡಿ, ಎಲೆಗಳೂ ಅಲ್ಲಿಯೇ ತಡೆಯುತ್ತವೆ.

3. ಹೊರಚಾಚಿದ ಶಾಫ್ಟಿನ ತುದಿಗೆ ಕೊಳವೆಯ ಹೊದಿಕೆ ಹಾಕಬೇಕು.

4. ಸ್ವಿಚ್ಚು ಹಣ್ಣು ಸುರಿಯುವವರ ಕೈಗೆಟುಕುವಂತಿರಬೇಕು.

ಹಣ್ಣು ಕಟ್ಟಿಕೊಂಡಾಗ

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಗಳಿಗೆ ಇದು. ಕಲ್ಲೋ ಕಡ್ಡಿಯೋ ಸಿಕ್ಕಿ ಯಂತ್ರ ನಿಂತಾಗ ಕೈ ತಾನಾಗಿಯೇ ಒಳಗೆ ಹೋಗುತ್ತದೆ. ಕರೆಂಟು ಹೋಗಿ ಯಂತ್ರ ನಿಂತಾಗಲೂ ಹೀಗೆಯೇ. ಪಂಪ್‌ಸೆಟ್ಟಿಗೆ ಬಳಸುವ ಆಟೋ ಸ್ಟಾರ್ಟರನ್ನು ಪಲ್ಪರಿಗೂ ಜೋಡಿಸಿದ್ದರೆ, ಕರೆಂಟು ಬಂದ ಕೂಡಲೇ ಯಾರೂ ಗುಂಡಿ ಒತ್ತದೆಯೇ ಡ್ರಮ್ಮು ತಿರುಗತೊಡಗುತ್ತದೆ. ಒಳಗಿರುವ ಕೈಯನ್ನು ಅದು ನೋಡುವುದಿಲ್ಲ. ಪಲ್ಪರ್, ಹಲ್ಲರ್, ಮೇವು ಕತ್ತರಿಸುವ ಯಂತ್ರಗಳಿಗೆ ಆಟೋ ಸ್ಟಾರ್ಟರ್ ಖಂಡಿತ ಕೂಡದು.

ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಬಳಿಕ ಫ್ಯೂಸುಗಳನ್ನು ಕಳಚಿ, ಕೈ ಹಾಕುವವರೇ ತಮ್ಮ ಜೇಬಿನಲ್ಲಿಟ್ಟುಕೊಳ್ಳಬೇಕು. ಡ್ರಮ್ಮು ಪೂರ್ತಿ ನಿಂತ ಮೇಲೆ ಮರದ ಕಡ್ಡಿಯಿಂದ ಶುಚಿ ಮಾಡಬೇಕು. ಡೀಸೆಲ್ ಎಂಜಿನ್ ಇದ್ದಲ್ಲಿ ಎಂಜಿನ್ ನಿಲ್ಲಿಸಿ ಬೆಲ್ಟು ಕಳಚಬೇಕು.

ಕೆಲಸಗಾರರ ಉಡುಪು

ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಬೇಕು. ಜಡೆಯನ್ನು ತುರುಬು ಕಟ್ಟಬೇಕು. ಟವೆಲ್, ಶಾಲು, ಬಳೆ, ಉಂಗುರ ಬೇಡ. ತಿರುಗುವ ಯಂತ್ರದ ಬಳಿ ಕೈಗವಸು ರಕ್ಷಣೆಯಲ್ಲ. ಅದು ಸಿಕ್ಕಿದರೆ ಕೈಯೂ ಸಿಕ್ಕಿದಂತೆಯೇ. ಮಕ್ಕಳನ್ನು ಪಲ್ಪರ್ ಮನೆಯೊಳಗೆ ಬಿಡಬಾರದು.

ಅಪಘಾತವಾದರೆ

ಮೊದಲು ಯಂತ್ರ ನಿಲ್ಲಿಸಿ. ಸಿಕ್ಕಿದ ಕೈಯನ್ನು ಎಳೆಯಬೇಡಿ. ಬೋಲ್ಟು ಸಡಿಲಿಸಿ ಬಿಡಿಸಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಅರಿಶಿನ ಹಚ್ಚಬಾರದು. ತುಂಡಾದ ಬೆರಳನ್ನು ಎಸೆಯಬೇಡಿ. ಅದನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. 108ಕ್ಕೆ ಕರೆ ಮಾಡಿ. ಘಾಟಿ ದಾರಿಯಲ್ಲಿ ಆಂಬುಲೆನ್ಸ್ ತಡವಾಗುವಂತಿದ್ದರೆ ತೋಟದ ಜೀಪಿನಲ್ಲೇ ಹೊರಡಿ.

ಜಾಲರಿ, ಸರಳುಗಳನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಹಣ್ಣು ಕೆಂಪಾಗುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು.