*ಇಂದಿನ ಧಮ್ಮ ಚಿಂತನೆ: ಗಡಿಪಾರು ಮತ್ತು ಸಮ್ಯಕ್ ಆಜೀವ*



ಅಷ್ಟಾಂಗ ಮಾರ್ಗದಲ್ಲಿ ಇಂದು ಸಮ್ಯಕ್ ಆಜೀವ, ಅಂದರೆ ಸರಿಯಾದ ದುಡಿಮೆ. ಪುಸ್ತಕದ ಅರ್ಥ ನಿಮಗೆ ಗೊತ್ತು. ನನ್ನ ಬದುಕಿನದನ್ನು ಹೇಳುತ್ತೇನೆ.

ಹಿಂದೆ ನಾನು ಮಟ್ಕಾ ಚೀಟಿ ಬರೆಯುತ್ತಿದ್ದೆ. 00ರಿಂದ 99ರವರೆಗೆ 100 ಅಂಕಿ. ಹೊಡೆದರೆ 1 ರೂಪಾಯಿಗೆ 80. ಉಳಿದ 20 ಯಾರ ಮನೆಯದು? ನಮ್ಮ ಕೇರಿಯ ಕೂಲಿಯವರದೇ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಆರು ತಿಂಗಳು ಜಿಲ್ಲೆಯಿಂದ ಗಡಿಪಾರಾದೆ.

ದಾವಣಗೆರೆಗೆ ಹೋದೆ. ಗುರುತಿಲ್ಲದವನಿಗೆ ಯಾರು ರೂಮು ಕೊಡುತ್ತಾರೆ? ಬಸ್ ನಿಲ್ದಾಣದಲ್ಲಿ ಮಲಗಿದೆ. ಕೈಯಲ್ಲಿದ್ದ ದುಡ್ಡು ಮುಗಿದ ದಿನ, ಇಲ್ಲಿ ಚೀಟಿ ಬರೆಯುವವರು ಯಾರು ಎಂದು ವಿಚಾರಿಸಿದೆ. ಮೂರು ವಾರ ಮತ್ತೆ ಅದೇ ಕೆಲಸ. ಆದೇಶ ನನ್ನನ್ನು ಜಿಲ್ಲೆಯಿಂದ ಹೊರಗೆ ಹಾಕಿತ್ತು, ಕಸುಬು ಮಾತ್ರ ನನ್ನ ಜೊತೆಗೇ ಬಂದಿತ್ತು.

ಒಂದು ಸಂಜೆ ಮಂಡಕ್ಕಿ ಭಟ್ಟಿಯ ಕೆಲಸದವರೊಬ್ಬರು 10 ರೂಪಾಯಿ ಕಟ್ಟಲು ಬಂದರು. ಕಾದ ಮರಳಿನಲ್ಲಿ ಹುರಿದು ಹುರಿದು ಬೆರಳೆಲ್ಲ ಸುಟ್ಟಿದ್ದವು. ನನ್ನ ಅವ್ವನ ಕೈ ನೆನಪಾಯಿತು.

"ಕಟ್ಟಬ್ಯಾಡವ್ವ, ಇದು ಬರೋ ದುಡ್ಡಲ್ಲ" ಎಂದೆ.

"ಹಂಗಾದ್ರೆ ನೀನ್ಯಾಕಪ್ಪ ಬರೀತಿ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಅವರೇ ಮಾಲೀಕರಿಗೆ ಹೇಳಿ ಭತ್ತದ ಮೂಟೆ ಹೊರುವ ಕೆಲಸ ಕೊಡಿಸಿದರು. ಕೂಲಿ ಕಡಿಮೆ, ಬೆನ್ನು ನೋವು ಹೆಚ್ಚು. ಆದರೆ ಪೊಲೀಸರನ್ನು ಕಂಡು ಗಲ್ಲಿಗೆ ನುಗ್ಗುವುದು ತಪ್ಪಿತು.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಂಗುಲಿಮಾಲನಿಗೂ ಜಾಗ ಕೊಟ್ಟಿದ್ದಾರೆ. ಮಜ್ಝಿಮ ನಿಕಾಯದ ಅಂಗುಲಿಮಾಲ ಸುತ್ತದ ಪ್ರಕಾರ, ಭಿಕ್ಷುವಾದ ಮೇಲೂ ಶ್ರಾವಸ್ತಿಯಲ್ಲಿ ಭಿಕ್ಷೆಗೆ ಹೋದಾಗ ಅವನ ಮೇಲೆ ಕಲ್ಲು, ಕೋಲು ಬಿದ್ದವು. ತಲೆ ಒಡೆದು, ಚೀವರ ಹರಿದು ಮರಳಿದ. ಭಗವಾನರು ಸಹಿಸಿಕೊ ಎಂದರು. ಸಂಘದಿಂದ ಹೊರಗೆ ಹಾಕಲಿಲ್ಲ.

ಊರಿಗೆ ಮರಳಿದಾಗ ವಿಹಾರದಲ್ಲಿ ಕೆಲವರು ನನ್ನ ಪಕ್ಕ ಕೂರಲಿಲ್ಲ. ಅದು ನನ್ನ ಹಳೇ ಸಾಲ, ತೀರಿಸುತ್ತಿದ್ದೇನೆ. ಆದರೆ ಒಬ್ಬ ಹಿರಿಯರು ಬುದ್ಧ ಪೂರ್ಣಿಮೆಯ ವಂತಿಗೆ ದುಡ್ಡನ್ನು ನನ್ನ ಕೈಗಿಟ್ಟು "ಎಣಿಸಪ್ಪ" ಎಂದರು. ಎರಡು ಸಲ ಎಣಿಸಿದೆ.

ಕದಿಯುವುದಿಲ್ಲ ಎಂಬುದು ಪಂಚಶೀಲದಲ್ಲಿದೆ, 22 ಪ್ರತಿಜ್ಞೆಗಳಲ್ಲೂ ಇದೆ. ಅದನ್ನು ಪಾಲಿಸಲು ಗಟ್ಟಿ ಮನಸ್ಸು ಬೇಕು. ಜೊತೆಗೆ ಹೊಟ್ಟೆಗೊಂದು ದುಡಿಮೆ, ನಂಬುವ ಒಬ್ಬ ಮನುಷ್ಯ ಕೂಡ ಬೇಕು.

*ಇಂದಿನ ಅಭ್ಯಾಸ:* ನಿಮ್ಮ ಕೇರಿಯಲ್ಲಿ ದಾರಿ ತಪ್ಪಿ ಹೊರಗೆ ನಿಂತ ಒಬ್ಬರನ್ನು ನೆನೆಯಿರಿ. ಬುದ್ಧಿ ಹೇಳುವ ಮುನ್ನ ಅವರಿಗೆ ಒಂದು ದಿನದ ಕೆಲಸ ಹುಡುಕಿಕೊಡಿ.

ಭವತು ಸಬ್ಬ ಮಂಗಲಂ ☸️