ಕೀಲಿನ ಮೃದ್ವಸ್ಥಿ: ಮೊಲ ಮತ್ತು ಆಡು ಕಲಿಸಿದ ಪಾಠ



ಕರುವಿನ ಮಂಡಿ ಊದಿಕೊಂಡರೆ ‘ನಾಲ್ಕು ದಿನ ನೋಡೋಣ’ ಎನ್ನುವವರು ಈಗಲೂ ಇದ್ದಾರೆ. ಆ ನಾಲ್ಕು ದಿನ ಏಕೆ ದುಬಾರಿ ಎಂದು ತಿಳಿಯಲು ಕೀಲಿನ ಒಳಗೆ ನೋಡಬೇಕು.

ಕೀಲಿನಲ್ಲಿ ಕೂಡುವ ಮೂಳೆಗಳ ತುದಿಗೆ ನುಣುಪಾದ ಬಿಳಿ ಹೊದಿಕೆಯಿರುತ್ತದೆ. ಇದೇ ಮೃದ್ವಸ್ಥಿ. ಇದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಚರ್ಮ ಹರಿದರೆ ಮಾಯುತ್ತದೆ, ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ರಕ್ತವೇ ತಲುಪದ ಮೃದ್ವಸ್ಥಿಗೆ ಆ ಭಾಗ್ಯವಿಲ್ಲ. ಒಮ್ಮೆ ಹಾಳಾದರೆ ಇದು ಸರಿಹೋಗದೆಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲಿಯೇ ಬರೆದಿದ್ದರು.

ಇದಕ್ಕೆ ಚಿಕಿತ್ಸೆ ಹುಡುಕಲು ವಿಜ್ಞಾನಿಗಳು ಬಹುಕಾಲ ಮೊಲವನ್ನು ನೆಚ್ಚಿಕೊಂಡರು. ಮೊಲ ಅಗ್ಗ, ಸಾಕುವುದೂ ಸುಲಭ. ಆದರೆ ಮೊಲ ದಾರಿ ತಪ್ಪಿಸುತ್ತದೆ. ಅದರ ಮಂಡಿಯ ಮೃದ್ವಸ್ಥಿ ಅರ್ಧ ಮಿಲಿಮೀಟರ್ ದಪ್ಪವೂ ಇಲ್ಲ. ಮನುಷ್ಯನದು 2 ಮಿಲಿಮೀಟರಿಗೂ ಹೆಚ್ಚು. ಅಲ್ಲದೆ ಎಳೆಯ ಮೊಲದಲ್ಲಿ ಮೂಳೆಯವರೆಗೆ ಕೊರೆದ ಸಣ್ಣ ಗಾಯ ಎಷ್ಟೋ ಸಲ ತಾನಾಗಿಯೇ ತುಂಬಿಕೊಳ್ಳುತ್ತದೆ. ಔಷಧಿ ಹಾಕಿದ್ದರೆ ಕೀರ್ತಿಯೆಲ್ಲ ಔಷಧಿಗೆ!

ಆದ್ದರಿಂದ ಬೆಳೆದ ಆಡು, ಕುರಿ, ಕುದುರೆಗಳಲ್ಲಿ ಪರೀಕ್ಷೆ ಮಾಡುವುದು ರೂಢಿಗೆ ಬಂತು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಳೆದ ಆಡುಗಳ ಮಂಡಿಯಲ್ಲಿ 6 ಮಿಲಿಮೀಟರ್ ಅಗಲದ ಗಾಯ ಮಾಡಿ, ಯಾವ ಚಿಕಿತ್ಸೆಯನ್ನೂ ಕೊಡದೆ ಒಂದು ವರ್ಷ ಗಮನಿಸಿದರು. ಗಾಯ ಮಾಯಲಿಲ್ಲ. ಸುತ್ತಲಿನ ಚೆನ್ನಾಗಿದ್ದ ಮೃದ್ವಸ್ಥಿಯೂ ಕೆಟ್ಟಿತು, ಅಡಿಯ ಮೂಳೆಯೂ ಕುಸಿಯಿತು. ಮೂಕಪ್ರಾಣಿಗಳಿಂದ ಪಡೆದ ಅರಿವು ಇದು. ನಮ್ಮಲ್ಲಿ ಇಂಥ ಪ್ರಯೋಗಗಳ ಮೇಲ್ವಿಚಾರಣೆಗೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಸಮಿತಿಯಿದೆ.

ಈಗ ಕೊಟ್ಟಿಗೆಗೆ ಬನ್ನಿ. ಎಳೆಗರುವಿನಲ್ಲಿ ಹಸಿ ಹೊಕ್ಕುಳಿನಿಂದ ಹೊಕ್ಕ ರೋಗಾಣುಗಳು ರಕ್ತದ ಮೂಲಕ ಕೀಲು ಸೇರಿ ಕೀವಾಗುತ್ತದೆ. ಆ ಕೀವು ಮೃದ್ವಸ್ಥಿಯನ್ನು ಕರಗಿಸುತ್ತದೆ. ನಂತರ ಕೀವು ಒಣಗಿಸಬಹುದು, ಹೋದ ಹೊದಿಕೆಯನ್ನು ನಾವು ಮರಳಿ ತರಲಾರೆವು. ಕರು ಜೀವನವಿಡೀ ಕುಂಟುತ್ತದೆ. ಬರೆ ಹಾಕುವುದರಿಂದ, ಬಿಸಿ ಎಣ್ಣೆ ತಿಕ್ಕುವುದರಿಂದ ಒಳಗಿನ ಕೀವು ಹೋಗುವುದಿಲ್ಲ, ನೋವು ಹೆಚ್ಚುತ್ತದೆ ಅಷ್ಟೆ.

ಕರು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿರಿ. ಕಸ ಬೀಳಲಿ ಎಂದು ಕಾಯದೆ ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿರಿ. ಒಣಹುಲ್ಲಿನ ಮೇಲೆ ಮಲಗಿಸಿರಿ. ಮೊದಲ ಕೆಲವು ವಾರ ದಿನವೂ ಮಂಡಿ, ಹಿಂಗಾಲಿನ ಗಂಟುಗಳನ್ನು ಕೈಯಿಂದ ಮುಟ್ಟಿ ನೋಡಿ. ಬಿಸಿ, ಊತ ಕಂಡರೆ ಅಂದೇ ಪಶುವೈದ್ಯರನ್ನು ಕರೆಸಿರಿ.