ಗಿಳಿ ಹಾರಿಹೋದರೆ ಏನು ಮಾಡಬೇಕು?

ಸಾಕಿದ ಗಿಳಿ ಹಾರಿಹೋಯಿತೇ? ಗಾಬರಿ ಬೇಡ, ಬೆನ್ನಟ್ಟಲೂ ಬೇಡ. ಪಂಜರದಲ್ಲೇ ಬೆಳೆದ ಹಕ್ಕಿಗೆ ಎತ್ತರದ ಮರದಿಂದ ಇಳಿಯಲು ಅಂಜಿಕೆ; ಕೋಲು, ಕಲ್ಲು ಕಂಡರೆ ಇನ್ನೂ ದೂರ ಹೋದೀತು. ಪಂಜರದ ಬಾಗಿಲು ತೆರೆದು, ಅದರ ಇಷ್ಟದ ಹಣ್ಣಿಟ್ಟು ಟೆರೇಸಿನ ಮೇಲಿಡಿ. ಬೆಳಗ್ಗೆ, ಮುಸ್ಸಂಜೆ ದಿನಾ ಕರೆಯುವಂತೆಯೇ ಕರೆದು, ಸುಮ್ಮನೆ ನಿಂತು ಕಿವಿಗೊಡಿ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟಗಳಲ್ಲಿ ಕೆಳಗೆ ನಿಂತರೆ ಕಾಣುವುದು ಬರೀ ಸೋಗೆ. ಅಡಿಕೆ ಕೊಯ್ಯುವವರಿಗೆ, ತೆಂಗಿನಕಾಯಿ ಕೀಳುವವರಿಗೆ ಹೇಳಿಡಿ. ಹಾಲಿನ ಸೊಸೈಟಿಯಲ್ಲಿ, ಆಟೊ ಸ್ಟ್ಯಾಂಡಿನಲ್ಲಿ ಫೋಟೊ ಅಂಟಿಸಿ. ಒಂದು ಗುರುತನ್ನು ಮಾತ್ರ ಗುಟ್ಟಾಗಿಟ್ಟು, ಫೋನ್ ಮಾಡಿದವರನ್ನೇ ಅದನ್ನು ಕೇಳಿ. ಗಿಳಿಯನ್ನು ನೋಡದೆ ಹಣ ಕಳಿಸಬೇಡಿ.

2022ರ ಜುಲೈಯಲ್ಲಿ ತುಮಕೂರಿನ ಕುಟುಂಬವೊಂದು ಕಳೆದುಹೋದ ಆಫ್ರಿಕನ್ ಗ್ರೇ ಗಿಳಿಗೆ 50,000 ರೂಪಾಯಿ ಬಹುಮಾನ ಸಾರಿತ್ತು. ಸಿಕ್ಕಾಗ 85,000 ಕೊಟ್ಟಿತು. ಸಿಕ್ಕಿದ್ದು ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ಹಾಗಾಗಿ ಮೊದಲು ಆಸುಪಾಸನ್ನೇ ಜಾಲಾಡಿ.

ಇನ್ನೊಂದು ಮಾತು. ನಮ್ಮ ನಾಡಿನ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದು ಹಾರಿದ್ದರೆ ಮತ್ತೆ ಪಂಜರಕ್ಕೆ ಹಾಕುವ ಯೋಚನೆ ಬಿಡಿ. ಬಳಲಿ ಬಿದ್ದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.